ಬ್ಯಾಕಪ್ ಫೈಲಿನ ಹೆಸರು ಜನವರಿ, ಒಳಗಿದ್ದದ್ದು ಸೆಪ್ಟೆಂಬರ್: ಡೇಟಾಬೇಸ್ ನೋಡಿಕೊಳ್ಳಲು ಗುತ್ತಿಗೆ ಕೊಟ್ಟವರು ಓದಿ

ನಿಮ್ಮ ಅಂಗಡಿಯ ಅಥವಾ ಕಚೇರಿಯ ಡೇಟಾಬೇಸನ್ನು ವರ್ಷದ ಗುತ್ತಿಗೆಯ ಮೇಲೆ ಯಾರಿಗಾದರೂ ಒಪ್ಪಿಸಿದ್ದರೆ, ಇವತ್ತು ಸಂಜೆ ಮನೆಗೆ ಹೋಗುವ ಮೊದಲು ಬ್ಯಾಕಪ್ ಫೋಲ್ಡರ್ ತೆರೆದು ಫೈಲುಗಳ ಗಾತ್ರ ನೋಡಿ. ಹೆಸರಲ್ಲ, ಗಾತ್ರ. ಏಕೆ ಎಂಬುದನ್ನು ಕೆಳಗೆ ಬರೆಯುತ್ತೇನೆ. ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಸಿಟ್ಟು ಇಳಿಯುವುದಿಲ್ಲ.

ನಾನು ಹುಬ್ಬಳ್ಳಿಯ ಒಂದು ಔಷಧ ಸಗಟು ಅಂಗಡಿಯಲ್ಲಿ ಲೆಕ್ಕಪತ್ರ ನೋಡುವವನು. ಕಂಪ್ಯೂಟರ್ ಸ್ವಲ್ಪ ತಿಳಿದವನು ನಾನೊಬ್ಬನೇ ಆದ್ದರಿಂದ ಸರ್ವರ್ ಕೂಡ ನನ್ನ ಕೊರಳಿಗೇ ಬಿದ್ದಿದೆ. ಬಿಲ್ಲಿಂಗ್ ತಂತ್ರಾಂಶದ ಹಿಂದೆ ಇರುವುದು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್, 2019ರ ಆವೃತ್ತಿ, ದುಡ್ಡು ಕೊಡಬೇಕಾಗಿಲ್ಲದ್ದು. ಅದರಲ್ಲಿ ಒಂದು ಡೇಟಾಬೇಸಿನ ದತ್ತಾಂಶ 10 ಜಿಬಿ ದಾಟುವಂತಿಲ್ಲ. ನಮ್ಮದು 6 ಜಿಬಿ ಆಸುಪಾಸು. ಹೊತ್ತು ಹೊತ್ತಿಗೆ ಕೆಲಸ ಮಾಡಿಸುವ ಏಜೆಂಟ್ ಕೂಡ ಎಕ್ಸ್‌ಪ್ರೆಸ್‌ನಲ್ಲಿ ಇರುವುದಿಲ್ಲ. ಹಾಗಾಗಿ ಗುತ್ತಿಗೆಯವರು ಒಂದು ಬ್ಯಾಚ್ ಫೈಲ್ (ಒಂದರ ಹಿಂದೊಂದು ಓಡಬೇಕಾದ ಆದೇಶಗಳ ಪಟ್ಟಿ) ಬರೆದು, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿ, ಪ್ರತಿ ರಾತ್ರಿ 11ಕ್ಕೆ ಬ್ಯಾಕಪ್ ಆಗುವಂತೆ ಮಾಡಿದ್ದರು. ವರ್ಷಕ್ಕೆ 28,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಪ್ರತಿ ತಿಂಗಳು ಒಂದು ಹಾಳೆಯ ವರದಿ. ಅದರಲ್ಲಿ ಸಾಲು ಸಾಲಾಗಿ ಹಸಿರು ಗುರುತು: ಬ್ಯಾಕಪ್ ಯಶಸ್ವಿ, ಇಂಡೆಕ್ಸ್ ನಿರ್ವಹಣೆ ಯಶಸ್ವಿ, ಡಿಸ್ಕ್ ಜಾಗ ಪರಿಶೀಲಿಸಲಾಗಿದೆ. ಕೆಳಗೆ ನನ್ನ ಸಹಿ. ಹೌದು, ನನ್ನದೇ ಸಹಿ. ಒಂದು ತಿಂಗಳೂ ತಪ್ಪದೆ ಹಾಕಿದ್ದೇನೆ.

ಜನವರಿ 9, ಬೆಳಗ್ಗೆ ಹತ್ತೂವರೆ. ಕೌಂಟರಿನ ಹುಡುಗ ಬಂದು ‘ಬಿಲ್ಲು ಉಳಿಯುತ್ತಿಲ್ಲ ಸರ್’ ಎಂದ. ಹೋಗಿ ನೋಡಿದರೆ ಪರದೆಯ ಮೇಲೆ ದೋಷ ಸಂಖ್ಯೆ 9002. ವಹಿವಾಟಿನ ಲಾಗ್ ತುಂಬಿದೆ ಎಂದು ಅದರ ಅರ್ಥ. ಸರ್ವರ್‌ನ ಡಿ ಡ್ರೈವ್ ಕೆಂಪಾಗಿ ಕುಳಿತಿತ್ತು. ದತ್ತಾಂಶದ ಫೈಲು 6 ಜಿಬಿ, ಲಾಗ್ ಫೈಲು 180 ಜಿಬಿ. ಮೂವತ್ತು ಪಟ್ಟು! ‘ಡಿಸ್ಕ್ ಜಾಗ ಪರಿಶೀಲಿಸಲಾಗಿದೆ’ ಎಂಬ ಹಸಿರು ಗುರುತು ಹಾಕಿದ ಪುಣ್ಯಾತ್ಮನಿಗೆ ಈ 180 ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ, ಒಪ್ಪುತ್ತೇನೆ. ಆದರೆ ನಾನು 28,000 ತೆಗೆದುಕೊಳ್ಳುವವನಲ್ಲ.

ಡಿಸೆಂಬರ್ ತಿಂಗಳ ಮಾರಾಟದ ವಿವರಪತ್ರವಾದ ಜಿಎಸ್‌ಟಿಆರ್-1 ಸಲ್ಲಿಸಲು 11ನೇ ತಾರೀಖು ಕಡೆಯ ದಿನ. ಎರಡೇ ದಿನ ಉಳಿದಿತ್ತು. ಹೊರಗೆ ಔಷಧ ಅಂಗಡಿಗಳವರು ಚೀಟಿ ಹಿಡಿದು ನಿಂತಿದ್ದರು. ಫೋನ್ ಮಾಡಿದೆ. ಅವರ ತಾಂತ್ರಿಕ ಹುಡುಗ ದೂರದಿಂದಲೇ ನಮ್ಮ ಸರ್ವರ್ ಒಳಗೆ ಬಂದ. ನನ್ನ ಪರದೆಯ ಮೇಲೆ ಅವನ ಬಾಣದ ಗುರುತು ಓಡಾಡುವುದನ್ನು ನೋಡುತ್ತಾ ಕುಳಿತೆ. ಅವನು ಎಸ್‌ಕ್ಯೂಎಲ್ ಸೇವೆಯನ್ನು ನಿಲ್ಲಿಸಿದ. ಆ ಎಲ್‌ಡಿಎಫ್ ಫೈಲನ್ನು, ಅಂದರೆ ಲಾಗ್ ಫೈಲನ್ನು, ಆರಿಸಿದ. ‘ಇದನ್ನು ಅಳಿಸಬಹುದೇ?’ ಎಂದು ಕೇಳಿದೆ. ‘ಲಾಗ್ ಎಂದರೆ ಬರೀ ಕಸ ಸರ್. ತೆಗೆದರೆ ಹೊಸದು ತಾನಾಗಿಯೇ ಹುಟ್ಟುತ್ತದೆ’ ಎಂದ. ಶಿಫ್ಟ್ ಒತ್ತಿ ಅಳಿಸಿದ. ಮರುಬಳಕೆ ಬುಟ್ಟಿಗೂ ಹೋಗಲಿಲ್ಲ.

ಸೇವೆ ಮತ್ತೆ ಶುರು ಮಾಡಿದಾಗ ಡೇಟಾಬೇಸಿನ ಹೆಸರಿನ ಮುಂದೆ ‘ರಿಕವರಿ ಪೆಂಡಿಂಗ್’ ಎಂದು ಬಂತು, ಅಂದರೆ ಅದು ತೆರೆಯಲಿಲ್ಲ. ಫೋನಿನಲ್ಲಿ ಅವನ ಮಾತು ನಿಂತಿತು. ಆ ಮೌನದಲ್ಲೇ ನನಗೆ ಅರ್ಥವಾಗಬೇಕಿತ್ತು.

ಈಗ ತಿಳಿದಿದೆ ಲಾಗ್ ಕಸವಲ್ಲ ಎಂದು. ದತ್ತಾಂಶದ ಫೈಲಿಗೆ ಇನ್ನೂ ಪೂರ್ತಿ ಇಳಿಯದ ವಹಿವಾಟುಗಳ ಲೆಕ್ಕ ಅದರಲ್ಲೇ ಇರುತ್ತದೆ; ಅದನ್ನು ಓದಿಯೇ ಸರ್ವರ್ ತನ್ನನ್ನು ಸರಿಪಡಿಸಿಕೊಂಡು ಏಳುತ್ತದೆ. ನಮ್ಮ ಡೇಟಾಬೇಸ್ ‘ಫುಲ್’ ರಿಕವರಿ ಮಾದರಿಯಲ್ಲಿತ್ತು. ಆ ಮಾದರಿಯಲ್ಲಿ ಲಾಗ್‌ನ ಬ್ಯಾಕಪ್ಪನ್ನು ಬೇರೆಯಾಗಿ ತೆಗೆಯದಿದ್ದರೆ ಲಾಗ್ ಒಳಗಿನ ಜಾಗ ಮರುಬಳಕೆಗೆ ಸಿಗುವುದೇ ಇಲ್ಲ. ಪ್ರತಿ ರಾತ್ರಿ ಪೂರ್ಣ ಬ್ಯಾಕಪ್ ತೆಗೆದರೂ ಅಷ್ಟೇ, ಲಾಗ್ ಬೆಳೆಯುತ್ತಲೇ ಇರುತ್ತದೆ. ಇವರು ಲಾಗ್ ಬ್ಯಾಕಪ್ಪನ್ನು ಒಂದು ದಿನವೂ ತೆಗೆದಿರಲಿಲ್ಲ. ಅದರ ಮೇಲೆ ‘ನಿರ್ವಹಣೆ’ ಎಂಬ ಹೆಸರಿನಲ್ಲಿ ಪ್ರತಿ ಭಾನುವಾರ ಡೇಟಾಬೇಸನ್ನು ಕುಗ್ಗಿಸಿ, ಆಮೇಲೆ ಎಲ್ಲ ಇಂಡೆಕ್ಸ್‌ಗಳನ್ನೂ (ದತ್ತಾಂಶವನ್ನು ಬೇಗ ಹುಡುಕಲು ಇರುವ ಸೂಚಿಗಳನ್ನು) ಹೊಸದಾಗಿ ಕಟ್ಟುತ್ತಿದ್ದರು. ಕುಗ್ಗಿಸಿದರೆ ಇಂಡೆಕ್ಸ್ ಚದುರುತ್ತದೆ, ಕಟ್ಟಿದರೆ ಫೈಲು ಮತ್ತೆ ಹಿಗ್ಗುತ್ತದೆ, ಎರಡೂ ಲಾಗ್‌ಗೆ ಬರೆಯುತ್ತವೆ. ಒಂದು ಕೈಯಿಂದ ಗುಡಿಸಿ ಇನ್ನೊಂದು ಕೈಯಿಂದ ಕಸ ಸುರಿಯುವ ಕೆಲಸ. ಅದಕ್ಕೂ ಒಂದು ಹಸಿರು ಗುರುತು.

ಆ ದಿನ ಮಾಡಬೇಕಾಗಿದ್ದದ್ದು ಇಷ್ಟೇ: ಜಾಗವಿರುವ ಬೇರೆ ಡಿಸ್ಕಿಗೆ ಲಾಗ್‌ನ ಬ್ಯಾಕಪ್ ತೆಗೆದು, ಆಮೇಲೆ ಲಾಗ್ ಫೈಲನ್ನಷ್ಟೇ ಕುಗ್ಗಿಸುವುದು. ಅದಕ್ಕೂ ಬಿಡುವಿಲ್ಲದಿದ್ದರೆ ಬೇರೆ ಡ್ರೈವ್‌ನಲ್ಲಿ ಎರಡನೆಯ ಲಾಗ್ ಫೈಲನ್ನು ಸೇರಿಸಿ ಬಿಲ್ಲಿಂಗ್ ಶುರು ಮಾಡಿಸುವುದು. ಲಾಗ್ ಏಕೆ ಖಾಲಿಯಾಗುತ್ತಿಲ್ಲ ಎಂಬುದನ್ನು ಸರ್ವರೇ ಹೇಳುತ್ತದೆ, ಡೇಟಾಬೇಸ್‌ಗಳ ಪಟ್ಟಿಯಲ್ಲಿ ‘ಲಾಗ್ ರೀಯೂಸ್ ವೇಟ್’ ಎಂಬ ಕಾಲಂ ಇದೆ. ಒಂದು ಸಾಲಿನ ಪ್ರಶ್ನೆ. ಅವನು ಕೇಳಲೇ ಇಲ್ಲ.

ಕೇಳುವ ಬದಲು ಏನು ಮಾಡಿದ? ಡೇಟಾಬೇಸನ್ನು ತುರ್ತು ಸ್ಥಿತಿಗೆ ತಂದು, ‘ರಿಪೇರ್ ಅಲೌ ಡೇಟಾ ಲಾಸ್’ ಎಂಬ ಆಯ್ಕೆಯೊಂದಿಗೆ ಚೆಕ್‌ಡಿಬಿ ಎಂಬ ಪರೀಕ್ಷೆ-ದುರಸ್ತಿಯ ಆದೇಶ ಓಡಿಸಿದ. ಆಯ್ಕೆಯ ಹೆಸರಿನಲ್ಲೇ ಇದೆ, ದತ್ತಾಂಶ ಹೋದರೂ ಪರವಾಗಿಲ್ಲ ಎಂದು. ನಾನು ಓದಿದೆ. ‘ಇದೇನು, ಲಾಸ್ ಎಂದಿದೆಯಲ್ಲ?’ ಎಂದೆ. ‘ಹಾಗೆ ಬರೆದಿರುತ್ತಾರೆ ಸರ್, ಏನೂ ಆಗುವುದಿಲ್ಲ’ ಎಂದ. ಹಾಗೆ ಬರೆದಿರುತ್ತಾರಂತೆ!

ಮುಕ್ಕಾಲು ಗಂಟೆಯ ಮೇಲೆ ಡೇಟಾಬೇಸ್ ತೆರೆಯಿತು. ಹುಡುಗ ‘ಆಯಿತು ಸರ್’ ಎಂದು ಹೊರಟುಹೋದ. ಡಿಸೆಂಬರ್ 27ರ ಒಂದು ಬಿಲ್ಲನ್ನು ತೆರೆದೆ. ಮೇಲೆ ಅಂಗಡಿಯ ಹೆಸರಿದೆ, ತಾರೀಖಿದೆ, ಒಟ್ಟು ಮೊತ್ತ 18,460 ರೂಪಾಯಿ ಇದೆ. ನಡುವೆ ಖಾಲಿ. ಒಂದೂ ಔಷಧದ ಸಾಲಿಲ್ಲ. ಮುಂದಿನದನ್ನು ತೆರೆದೆ, ಅದೂ ಖಾಲಿ. ಎಣಿಸಿ ನೋಡಿದಾಗ 212 ಬಿಲ್ಲುಗಳ ಹೊಟ್ಟೆ ಬರಿದಾಗಿತ್ತು. ಎಸ್‌ಕ್ಯೂಎಲ್ ಸರ್ವರ್ ದತ್ತಾಂಶವನ್ನು 8 ಕೆಬಿಯ ಪುಟಗಳಲ್ಲಿ ಇಡುತ್ತದೆ. ಆ ದುರಸ್ತಿ ತನಗೆ ಸರಿಹೋಗದ ಪುಟವನ್ನು ಇಡಿಯಾಗಿ ಕಿತ್ತೆಸೆಯುತ್ತದೆ, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಇರುವ ನಂಟನ್ನು ಲೆಕ್ಕಿಸುವುದಿಲ್ಲ. ನಮ್ಮ ವ್ಯಾಪಾರದಲ್ಲಿ ಆ ಸಾಲಿನಲ್ಲೇ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಎಲ್ಲ ಇರುವುದು. ನಾಳೆ ಕಂಪನಿಯವರು ‘ಈ ಬ್ಯಾಚಿನ ಮಾಲು ವಾಪಸ್ ತರಿಸಿ’ ಎಂದರೆ ಯಾವ ಅಂಗಡಿಗೆ ಹೋಗಿದೆ ಎಂದು ಹೇಗೆ ಹೇಳುವುದು?

ಇಷ್ಟಾದರೂ ನನಗೆ ಧೈರ್ಯವಿತ್ತು. ಬ್ಯಾಕಪ್ ಇದೆಯಲ್ಲ! ಇ ಡ್ರೈವ್ ತೆರೆದರೆ ಮೂವತ್ತು ಫೈಲುಗಳು, ದಿನಕ್ಕೊಂದರಂತೆ, ಕೊನೆಯದು ಜನವರಿ 8. ನಿಟ್ಟುಸಿರು ಬಿಟ್ಟೆ. ಹಿಂದಿನ ರಾತ್ರಿಯ ಬ್ಯಾಕಪ್ ಹಾಕಿದರೆ ಬೆಳಗ್ಗೆ ಒಂದೂವರೆ ಗಂಟೆ ಕಾಲ ಹೊಡೆದ ಬಿಲ್ಲುಗಳನ್ನು ಮಾತ್ರ ಮತ್ತೆ ಹೊಡೆದರಾಯಿತು.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಡೇಟಾಬೇಸ್ ಕೆಲಸದಲ್ಲೇ ಇದ್ದಾಳೆ. ಈ ಸಲ ಗುತ್ತಿಗೆಯವರನ್ನು ಕರೆಯಲು ಮನಸ್ಸಾಗದೆ ಅವಳಿಗೆ ಫೋನ್ ಮಾಡಿದೆ. ‘ಮಾಮಾ, ಮೊದಲು ಫೈಲುಗಳ ಗಾತ್ರ ಓದಿ ಹೇಳಿ’ ಎಂದಳು. ಓದಿದೆ. ಜನವರಿ 8ರದ್ದು ಓದಿದೆ, 7ರದ್ದು ಓದಿದೆ, 6ರದ್ದು ಓದುವಾಗ ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಅದೇ ಅಂಕಿ, ಕೊನೆಯ ಬೈಟ್‌ವರೆಗೂ. ಮೂವತ್ತೂ ಫೈಲುಗಳು ಒಂದೇ ಅಳತೆ. ದಿನಕ್ಕೆ ನೂರಾರು ಬಿಲ್ಲು ಹೊಡೆಯುವ ಅಂಗಡಿಯ ಬ್ಯಾಕಪ್ ತಿಂಗಳಿಡೀ ಒಂದು ಬೈಟ್ ಕೂಡ ಹೆಚ್ಚಾಗಿಲ್ಲ! ‘ಹೆಸರು ಬಿಡಿ ಮಾಮಾ, ಒಳಗೇನಿದೆ ನೋಡೋಣ’ ಎಂದು ‘ರಿಸ್ಟೋರ್ ಹೆಡರ್‌ಓನ್ಲಿ’ ಆದೇಶವನ್ನು ಬರೆಸಿದಳು. ಅದು ಫೈಲಿನ ಒಳಗಿನ ಜಾತಕವನ್ನು ಓದಿ ಹೇಳುತ್ತದೆ. ಬ್ಯಾಕಪ್ ಶುರುವಾದ ದಿನ: ಸೆಪ್ಟೆಂಬರ್ 14, ರಾತ್ರಿ 11 ಗಂಟೆ.

ಕುರ್ಚಿಯಲ್ಲಿ ಹಾಗೆಯೇ ಕುಳಿತೆ. ಆಗ ಅವಮಾನವಾದದ್ದು ದತ್ತಾಂಶ ಹೋದದ್ದಕ್ಕಲ್ಲ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್, ನಾಲ್ಕು ವರದಿಗಳಿಗೆ ಹಾಕಿದ ನನ್ನ ಸಹಿ ಕಣ್ಣ ಮುಂದೆ ಬಂತು.

ಆದದ್ದು ಇದು. ಬ್ಯಾಚ್ ಫೈಲಿನಲ್ಲಿ ಎರಡು ಹೆಜ್ಜೆ: ಮೊದಲು ಒಂದೇ ಹೆಸರಿನ ಫೈಲಿಗೆ ಬ್ಯಾಕಪ್ ತೆಗೆಯುವುದು, ಆಮೇಲೆ ಅದನ್ನು ಆ ದಿನದ ತಾರೀಖಿನ ಹೆಸರಿನಲ್ಲಿ ಇ ಡ್ರೈವ್‌ಗೆ ನಕಲು ಮಾಡುವುದು. ಸೆಪ್ಟೆಂಬರ್ 15ರಂದು, ನಮ್ಮಲ್ಲಿ ಒಬ್ಬ ಕೆಲಸ ಬಿಟ್ಟು ಹೋದ ಕಾರಣ, ‘ಎಸ್‌ಎ’ ಎಂಬ ಸರ್ವರಿನ ಮುಖ್ಯ ಖಾತೆಯ ಪಾಸ್‌ವರ್ಡ್ ಬದಲಾಯಿಸಲು ನಾನೇ ಹೇಳಿದೆ. ಇವರ ಹುಡುಗನೇ ಬದಲಾಯಿಸಿದ. ಬಿಲ್ಲಿಂಗ್ ತಂತ್ರಾಂಶದಲ್ಲಿ ಹೊಸದನ್ನು ಹಾಕಿದ, ಬ್ಯಾಚ್ ಫೈಲಿನಲ್ಲಿ ಹಳೆಯದನ್ನೇ ಬಿಟ್ಟ. ಅಂದಿನಿಂದ ಮೊದಲ ಹೆಜ್ಜೆ ಪ್ರತಿ ರಾತ್ರಿ ಬಾಗಿಲಲ್ಲೇ ಬೀಳುತ್ತಿತ್ತು. ಎರಡನೆಯ ಹೆಜ್ಜೆ ಮಾತ್ರ ಸೆಪ್ಟೆಂಬರ್ 14ರ ಹಳಸಲನ್ನೇ ಹೊಸ ತಟ್ಟೆಯಲ್ಲಿ ಬಡಿಸುತ್ತಿತ್ತು. ಕೊನೆಯ ಹೆಜ್ಜೆ ಸರಿಯಾಗಿ ಮುಗಿದದ್ದರಿಂದ ಶೆಡ್ಯೂಲರ್ ‘ಯಶಸ್ವಿ’ ಎಂದು ತೋರಿಸುತ್ತಿತ್ತು. ಅದನ್ನು ನೋಡಿ ಇವರು ಹಸಿರು ಗುರುತು ಹಾಕುತ್ತಿದ್ದರು. ಅದನ್ನು ನೋಡಿ ನಾನು ಸಹಿ ಹಾಕುತ್ತಿದ್ದೆ.

ಈಗ ಅವರ ಉತ್ತರಗಳನ್ನು ಕೇಳಿ. ಮ್ಯಾನೇಜರ್ ಮೊದಲು ಹೇಳಿದ್ದು: ‘ಪಾಸ್‌ವರ್ಡ್ ಬದಲಾಯಿಸಲು ಹೇಳಿದ್ದು ನೀವೇ ಅಲ್ಲವೇ ಸರ್?’ ಹೌದು, ಹೇಳಿದೆ. ಬೀಗ ಬದಲಾಯಿಸಲು ಹೇಳಿದ್ದು ನಾನು, ಕಾವಲುಗಾರನಿಗೆ ಹೊಸ ಕೀಲಿ ಕೊಡದೆ ಹೋದದ್ದು ಯಾರು? ಎರಡನೆಯದು: ‘ಫೈಲು ಹಾಳಾಗಿಲ್ಲ ಸರ್, ಪರೀಕ್ಷಿಸಿದ್ದೇವೆ, ಚೆನ್ನಾಗಿದೆ.’ ಚೆನ್ನಾಗಿಯೇ ಇದೆ, ಸೆಪ್ಟೆಂಬರಿನದು ಎಂಬುದೊಂದನ್ನು ಬಿಟ್ಟರೆ! ಲಾಗ್ ಅಳಿಸಿದ್ದನ್ನು ಕೇಳಿದರೆ ‘ನಿಮ್ಮ ಒಪ್ಪಿಗೆ ಪಡೆದೇ ಮಾಡಿದ್ದು, ನೀವು ಪರದೆಯ ಮುಂದೆಯೇ ಇದ್ದಿರಿ’ ಎಂದರು. ಕಡೆಗೆ ಒಪ್ಪಂದದ ಪತ್ರ ತೆಗೆದರು: ‘ಬ್ಯಾಕಪ್ ತೆಗೆಯುವುದು ನಮ್ಮ ಕೆಲಸ. ಅದನ್ನು ಮರಳಿ ತಂದು ನೋಡುವುದು ಇದರಲ್ಲಿ ಸೇರಿಲ್ಲ. ಬೇಕಾದರೆ ಅದಕ್ಕೆ ಪ್ರತ್ಯೇಕ ದರವಿದೆ.’ ಓದಿ ನೋಡಿದೆ. ನಿಜವಾಗಿಯೂ ಸೇರಿಲ್ಲ. ಅದಕ್ಕೂ ನನ್ನದೇ ಸಹಿ.

ನಮ್ಮ ಸಾಹುಕಾರರು ಬೈಯಲಿಲ್ಲ. ‘ನೀವು ನೋಡಿಕೊಳ್ಳುತ್ತಿದ್ದೀರಿ ಎಂದುಕೊಂಡಿದ್ದೆ’ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನಿಮಗೆ ಹೇಳುವುದು ಹೆಚ್ಚಿಲ್ಲ. ವರದಿಯ ಹಾಳೆಯನ್ನು ನಂಬಬೇಡಿ. ಎಂಎಸ್‌ಡಿಬಿ ಎಂಬ ಡೇಟಾಬೇಸಿನ ‘ಬ್ಯಾಕಪ್‌ಸೆಟ್’ ಕೋಷ್ಟಕದಲ್ಲಿ ಸರ್ವರ್ ತಾನೇ ಬರೆದುಕೊಂಡ ಬ್ಯಾಕಪ್ ಇತಿಹಾಸವಿರುತ್ತದೆ, ಅದನ್ನು ತೋರಿಸಲು ಹೇಳಿ. ನಮ್ಮದರಲ್ಲಿ ಸೆಪ್ಟೆಂಬರ್ 14ರ ನಂತರ ಒಂದು ಸಾಲೂ ಇರಲಿಲ್ಲ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಹೆಸರಿನಲ್ಲಿ, ಸಾಧ್ಯವಾದರೆ ಬೇರೆ ಕಂಪ್ಯೂಟರಿನಲ್ಲಿ, ನಿಮ್ಮ ಕಣ್ಣೆದುರು ಮರಳಿ ತರಿಸಿ, ನಿನ್ನೆಯ ಕೊನೆಯ ಬಿಲ್ಲನ್ನು ತೆರೆದು ನೋಡಿ. ಲಾಗ್ ಬ್ಯಾಕಪ್ ತೆಗೆಯುವುದಿಲ್ಲ ಎಂದಾದರೆ ಲಾಗ್‌ನ ಜಾಗ ತಾನಾಗಿಯೇ ಮರುಬಳಕೆಯಾಗುವ ‘ಸಿಂಪಲ್’ ಮಾದರಿಗೆ ಹಾಕಲಿ. ಆಗ ಕೊನೆಯ ಬ್ಯಾಕಪ್ಪಿನ ನಂತರದ್ದು ಮರಳಿ ಸಿಗುವುದಿಲ್ಲ ಎಂದು ಬರೆದು ಕೊಡಲಿ. ಪಾಸ್‌ವರ್ಡ್ ಬದಲಾದ ರಾತ್ರಿಯ ಬ್ಯಾಕಪ್ಪನ್ನು ಮರುದಿನ ಬೆಳಗ್ಗೆ ನೀವೇ ನೋಡಿ. ಎಲ್‌ಡಿಎಫ್ ಫೈಲಿನ ಮೇಲೆ ಯಾರಾದರೂ ಅಳಿಸುವ ಗುಂಡಿ ಒತ್ತಲು ಹೋದರೆ ನೆಟ್‌ವರ್ಕ್ ತಂತಿ ಕಿತ್ತುಬಿಡಿ. ತಮಾಷೆಗೆ ಹೇಳುತ್ತಿಲ್ಲ. ಏನೇ ದುರಸ್ತಿಗೂ ಮೊದಲು ಇರುವ ಫೈಲುಗಳನ್ನು ಹಾಗೆಯೇ ಬೇರೆ ಕಡೆ ನಕಲು ಮಾಡಿ ಇಡಿ.

ಡಿಸೆಂಬರಿನ ಬಿಲ್ಲುಗಳ ಮುದ್ರಿತ ಪ್ರತಿಗಳು ಗೋದಾಮಿನಲ್ಲಿದ್ದವು. ಮೂವರು ಎರಡು ರಾತ್ರಿ ಕುಳಿತು ಮೊತ್ತಗಳನ್ನು ಹೊಂದಿಸಿ, 11ರಂದು ರಾತ್ರಿ ಹನ್ನೊಂದೂವರೆಗೆ ಜಿಎಸ್‌ಟಿಆರ್-1 ಸಲ್ಲಿಸಿದೆವು. ಬ್ಯಾಚ್ ಸಂಖ್ಯೆಗಳನ್ನು ಈಗಲೂ ಕೈಯಿಂದಲೇ ತುಂಬಿಸುತ್ತಿದ್ದೇವೆ. 212ರಲ್ಲಿ 140 ಮುಗಿದಿದೆ. ಒಂಬತ್ತು ಬಿಲ್ಲುಗಳ ಪ್ರತಿ ಸಿಕ್ಕಿಲ್ಲ. ಆ ಅಂಗಡಿಗಳವರಿಗೆ ಫೋನ್ ಮಾಡಿ, ನಮ್ಮದೇ ಬಿಲ್ಲಿನ ಫೋಟೊ ಕಳುಹಿಸಿ ಎಂದು ಕೇಳುತ್ತಿದ್ದೇನೆ. ಏಕೆ ಎಂದು ಅವರು ಕೇಳುತ್ತಾರೆ. ಪ್ರಿಂಟರ್ ಕೆಟ್ಟಿದೆ ಎನ್ನುತ್ತೇನೆ.