ಗ್ನೂಕ್ಯಾಶ್: ಲಾಗ್ ಫೈಲು ಕಾಣೆಯಾದರೆ ಎಲ್ಲಿ ಹುಡುಕಬೇಕು

ನಮ್ಮ ಸಣ್ಣ ವ್ಯವಹಾರದ ಲೆಕ್ಕವನ್ನು ವರ್ಷಗಳಿಂದ ಗ್ನೂಕ್ಯಾಶ್ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲೇ ಬರೆಯುತ್ತಿದ್ದೇನೆ. ಜಮಾ–ಖರ್ಚು ತಾಳೆಯಾಗದ ನಮೂದನ್ನು ಅದು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಆ ಶಿಸ್ತೇ ನನ್ನನ್ನು ಇಷ್ಟು ಕಾಲ ಹಿಡಿದಿಟ್ಟಿದೆ. ಉಚಿತ ಎಂಬುದು ಆಮೇಲಿನ ಮಾತು. ಹೊಸಬರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ವಹಿವಾಟುಗಳಲ್ಲಿ ಮಾಡಿದ ಬದಲಾವಣೆಗಳನ್ನು ದಾಖಲಿಸುವ ಹಳೆಯ ಲಾಗ್ ಫೈಲುಗಳನ್ನು ಅಳಿಸಿದವರು ಯಾರು?

ಬಹಳ ಸಲ ಯಾರೂ ಅಲ್ಲ. ಪ್ರಿಫರೆನ್ಸಸ್‌ನ ಜನರಲ್ ಪುಟ ತೆರೆದರೆ, ಲಾಗ್ ಮತ್ತು ಬ್ಯಾಕಪ್ ಫೈಲುಗಳನ್ನು ಎಷ್ಟು ದಿನ ಇಡಬೇಕು ಎಂಬ ಆಯ್ಕೆ ಕಾಣುತ್ತದೆ. ನಾವು ಬದಲಿಸದಿದ್ದರೆ ಅದು 30 ದಿನ. ಲೆಕ್ಕದ ಫೈಲನ್ನು ಸೇವ್ ಮಾಡಿದಾಗ, ಅದೇ ಫೋಲ್ಡರಿನಲ್ಲಿರುವ ಅವಧಿ ಮೀರಿದ ಫೈಲುಗಳನ್ನು ತಂತ್ರಾಂಶ ತಾನೇ ತೆಗೆದುಹಾಕುತ್ತದೆ. ಅವು ರೀಸೈಕಲ್ ಬಿನ್‌ನಲ್ಲೂ ಸಿಗುವುದಿಲ್ಲ. ಮತ್ತೆ ಬೇಕೆಂದರೆ ಕಂಪ್ಯೂಟರಿನ ಪ್ರತ್ಯೇಕ ಬ್ಯಾಕಪ್ಪೇ ಗತಿ. ವ್ಯವಹಾರದ ಲೆಕ್ಕ ಇಡುವವರು ಮೊದಲ ದಿನವೇ ಇದನ್ನು ‘ಫಾರೆವರ್’ಗೆ ಬದಲಿಸಬೇಕು. ಫೋಲ್ಡರ್ ತುಂಬಿಹೋಗುತ್ತದೆ ಎನ್ನುವವರು ಹಳೆಯದನ್ನು ಬೇರೆ ಫೋಲ್ಡರಿಗೆ ಸಾಗಿಸಲಿ, ಅಲ್ಲಿಗೆ ಈ ಅಳಿಸುವಿಕೆ ತಲುಪುವುದಿಲ್ಲ.

ಲಾಗ್ ಉಳಿದಿದ್ದರೆ ಅದನ್ನು ಓದುವುದು ಸುಲಭ. ಹೆಸರಿನಲ್ಲೇ ವರ್ಷದಿಂದ ಸೆಕೆಂಡಿನವರೆಗೆ 14 ಅಂಕಿಗಳ ಸಮಯವಿರುತ್ತದೆ. ಒಳಗಿರುವುದು ಬರೀ ಪಠ್ಯ, ಸ್ಪ್ರೆಡ್‌ಶೀಟಿನಲ್ಲೂ ತೆರೆಯಬಹುದು. ಸಾಲಿನ ಮೊದಲ ಅಕ್ಷರ ಬಿ ಆದರೆ ತಿದ್ದುಪಡಿ ಶುರುವಾಗಿದೆ, ಸಿ ಆದರೆ ಖಾಯಂ ಆಗಿದೆ, ಆರ್ ಆದರೆ ಹಿಂದಕ್ಕೆ ಪಡೆದಿದ್ದಾರೆ, ಡಿ ಆದರೆ ಅಳಿಸಿದ್ದಾರೆ. ಕಾಣೆಯಾದ ವಹಿವಾಟನ್ನು ಹುಡುಕುವಾಗ ನಾನು ಮೊದಲು ಡಿ ಸಾಲುಗಳನ್ನೇ ಸೋಸುತ್ತೇನೆ. ಖಾತೆ, ಮೊತ್ತ, ವಿವರ, ಸಮಯ ಎಲ್ಲವೂ ಅಲ್ಲೇ ಇರುತ್ತವೆ.

ಅಳಿಸಿದವರ ಹೆಸರು ಮಾತ್ರ ಇರುವುದಿಲ್ಲ. ನನ್ನ ದೊಡ್ಡ ತಕರಾರು ಇದೇ. ಬಳಕೆದಾರರ ಕಲಂ ಇಲ್ಲದ, ಯಾರು ಬೇಕಾದರೂ ತಿದ್ದಬಹುದಾದ ಪಠ್ಯ ಫೈಲನ್ನು ಲೆಕ್ಕಪರಿಶೋಧಕರ ಮುಂದೆ ಸಾಕ್ಷಿಯಾಗಿ ಇಡಲಾಗದು. ಒಂದೇ ಪುಸ್ತಕವನ್ನು ನಾಲ್ಕಾರು ಜನ ತೆರೆಯುವ ಕಚೇರಿಗೆ ನಾನು ಗ್ನೂಕ್ಯಾಶ್ ಶಿಫಾರಸು ಮಾಡುವುದಿಲ್ಲ.

ಈ ಲಾಗ್ ಹುಟ್ಟಿದ್ದು ಬೇರೆ ಕೆಲಸಕ್ಕೆ. ಸೇವ್ ಮಾಡುವ ಮುನ್ನ ಕಂಪ್ಯೂಟರ್ ಕೈಕೊಟ್ಟರೆ, ಕೊನೆಯ ಸೇವ್ ನಂತರದ ವಹಿವಾಟುಗಳನ್ನು ಇಂಪೋರ್ಟ್ ಮೆನುವಿನಲ್ಲಿರುವ ರೀಪ್ಲೇ ಮೂಲಕ ಮರಳಿ ತರಬಹುದು. ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಆದರೆ ಇನ್‌ವಾಯ್ಸ್‌ಗಳೂ ನಿಗದಿತ ವಹಿವಾಟುಗಳೂ ಪೂರ್ತಿಯಾಗಿ ಮರಳುತ್ತವೆಂದು ನಂಬಬೇಡಿ, ಒಂದೊಂದನ್ನೂ ಪರೀಕ್ಷಿಸಿ. ರೀಪ್ಲೇ ಮಾಡುವುದು ಪ್ರತಿಯ ಮೇಲೆ ಮಾತ್ರ, ಮೂಲ ಫೈಲಿನ ಮೇಲೆ ಬೇಡ.

ಇನ್ನು ದಿನನಿತ್ಯದ ಕೆಲಸದಲ್ಲಿ ‘ಡಿಲೀಟ್’ ಬದಲು ‘ವಾಯ್ಡ್’ ಒತ್ತಿ. ಅದು ಕಾರಣ ಕೇಳುತ್ತದೆ, ಮೊತ್ತವನ್ನು ಸೊನ್ನೆ ಮಾಡುತ್ತದೆ, ನಮೂದನ್ನು ಪುಸ್ತಕದಲ್ಲೇ ಉಳಿಸುತ್ತದೆ. ಜೊತೆಗೆ ಫೈಲ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ, ಇಂತಿಷ್ಟು ದಿನಕ್ಕಿಂತ ಹಳೆಯ ವಹಿವಾಟುಗಳನ್ನು ಓದಲು ಮಾತ್ರ ಬಿಡುವ ಮಿತಿಯನ್ನೂ ಹಾಕಿಕೊಳ್ಳಿ.