ಮಹಡಿ ಗಿಡಗಳ ಡ್ರಿಪ್ ಕಿಟ್: ಟೈಮರ್‌ಗೆ ಶಹಬ್ಬಾಸ್, ಕೈಪಿಡಿಗೆ ಸೊನ್ನೆ

ಟೈಮರ್ ಇಟ್ಟು ಕುಂಡಗಳಿಗೆ ಹನಿಹನಿಯಾಗಿ ನೀರುಣಿಸುವ ಈ ಕಿಟ್ಟಿನ ಪೆಟ್ಟಿಗೆಯ ಜೊತೆ ಬರುವ ಕೈಪಿಡಿಯಲ್ಲಿ ‘ಬೇಸಿಗೆಯಲ್ಲಿ ದಿನಕ್ಕೆ 10 ನಿಮಿಷ ಸಾಕು’ ಎಂದಿದೆ. ಮೈಸೂರಿನ ಮಹಡಿಯ ಮೇಲೆ ಈ ಮಾತು ನಂಬಿ ಕೂತರೆ ಭರಣಿ ಮಳೆ ಹುಟ್ಟುವುದರೊಳಗೆ ಬದನೆ ಹೂ ಉದುರಿಸುತ್ತದೆ, ಮಲ್ಲಿಗೆ ಮೊಗ್ಗು ಸಣ್ಣಗಾಗುತ್ತದೆ, ಬಸಳೆ ಮಧ್ಯಾಹ್ನಕ್ಕೇ ಕತ್ತು ಬಗ್ಗಿಸುತ್ತದೆ. ಸಾಮಾನು ಕೆಟ್ಟದ್ದಲ್ಲ. ಕೈಪಿಡಿ ಬರೆದವರ ತಲೆಯಲ್ಲಿ ಇದ್ದದ್ದು ರಭಸವಾಗಿ ನೀರು ಬರುವ ನಲ್ಲಿ. ನಮ್ಮಲ್ಲಿರುವುದು ಸಂಪಿನಿಂದ ಮೇಲೇರಿಸಿ, ಟ್ಯಾಂಕಿನಿಂದ ತಾನಾಗಿ ಇಳಿಯುವ ನೀರು. ಎರಡು ಬೇಸಿಗೆ ಬಳಸಿದ ಮೇಲೆ ಈ ಕಿಟ್ ಬಗ್ಗೆ ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಇದೇ.

ಲೆಕ್ಕ ಸುಲಭ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 1 ಬಾರ್. ಮಹಡಿಯ ಕುಂಡಗಳು ಟ್ಯಾಂಕಿನ ಬುಡದಲ್ಲೇ ಇರುತ್ತವೆ, ನೀರಿನ ಮಟ್ಟಕ್ಕೂ ಹನಿ ಬಿಡುವ ಡ್ರಿಪ್ಪರ್‌ಗೂ ಅಂತರ ಹೆಚ್ಚೆಂದರೆ ಒಂದೆರಡು ಮೀಟರ್. ಅಂದರೆ 0.1 ಬಾರ್, ಟ್ಯಾಂಕ್ ತುಂಬಿದ್ದರೆ 0.2. ಡ್ರಿಪ್ಪರ್ ಮೇಲೆ ಬರೆದಿರುವ ‘ಗಂಟೆಗೆ 4 ಲೀಟರ್’ 1 ಬಾರ್‌ಗೆ ಹೇಳಿದ ಮಾತು. ಒತ್ತಡ ಹತ್ತನೇ ಒಂದು ಭಾಗಕ್ಕೆ ಇಳಿದರೆ ಸಾಮಾನ್ಯ ಡ್ರಿಪ್ಪರ್‌ನ ಹರಿವು ಮೂರನೇ ಒಂದು ಭಾಗದಷ್ಟಾಗುತ್ತದೆ: ಗಂಟೆಗೆ ಒಂದೂಕಾಲು ಲೀಟರ್. ಹತ್ತು ನಿಮಿಷಕ್ಕೆ ಒಂದು ಲೋಟ! ಮೇ ತಿಂಗಳಲ್ಲಿ ಕಾಯಿ ಕಚ್ಚಿದ ಬದನೆಗೆ ಒಂದು ಲೋಟ ನೀರು ಯಾವ ಮೂಲೆಗೆ ಸಾಕು?

ನಂಬಿಕೆ ಬರದಿದ್ದರೆ ಪ್ರತಿ ಡ್ರಿಪ್ಪರ್ ಕೆಳಗೆ ಒಂದೊಂದು ಲೋಟ ಇಟ್ಟು ಹತ್ತು ನಿಮಿಷ ಬಿಡಿ, ಆಮೇಲೆ ಅಳತೆ ಪಾತ್ರೆಗೆ ಸುರಿದು ನೋಡಿ. ಕಿಟ್ ಕಟ್ಟಿದ ದಿನವೇ ಮಾಡಬೇಕಾದ ಕೆಲಸ ಇದು. 12 ಇಂಚಿನ ಗ್ರೋಬ್ಯಾಗಿನಲ್ಲಿ ಬೆಳೆದುನಿಂತ ಬದನೆ, ಟೊಮೆಟೊಗೆ ಬೇಸಿಗೆಯ ಕೊನೆಗೆ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಬೇಕು. ಹಾಗಾಗಿ ಬೆಳಿಗ್ಗೆ ಐದೂವರೆಗೆ 25 ನಿಮಿಷ, ಸಂಜೆ ಆರೂವರೆಗೆ ಇನ್ನೊಂದು 25 ನಿಮಿಷ. ದೊಡ್ಡ ಕುಂಡದ ಮಲ್ಲಿಗೆ, ಕರಿಬೇವಿಗೆ ಒಂದರ ಬದಲು ಎರಡು ಡ್ರಿಪ್ಪರ್. ಪುದೀನ, ಕೊತ್ತಂಬರಿಗೆ ಬೆಳಗಿನ ಪಾಳಿ ಸಾಕು ಅನಿಸಿದರೂ ಎಲ್ಲವೂ ಒಂದೇ ಪೈಪಿನಲ್ಲಿ ಇರುವುದರಿಂದ ಅವಕ್ಕೆ ತಿರುಪಿ ನೀರು ಕಡಿಮೆ ಮಾಡುವ ಡ್ರಿಪ್ಪರ್ ಹಾಕುವುದು ಒಳ್ಳೆಯದು.

ಮಧ್ಯಾಹ್ನದ ಪಾಳಿ ಮಾತ್ರ ಬೇಡವೇ ಬೇಡ. ಕಾಂಕ್ರೀಟ್ ಮೇಲೆ ಬಿದ್ದಿರುವ ಕಪ್ಪು ಪೈಪಿನಲ್ಲಿ ಮೀಟರಿಗೆ 150 ಮಿಲಿಯಷ್ಟು ನೀರು ನಿಂತಿರುತ್ತದೆ. ಎರಡು ಗಂಟೆ ಬಿಸಿಲಿಗೆ ಅದು ಸ್ನಾನಕ್ಕೆ ಹದವಾದ ನೀರು, ಬೇರಿಗಲ್ಲ.

ಕೊಳ್ಳುವವರು ನೋಡಬೇಕಾದ ಮುಖ್ಯ ಸಂಗತಿ ಟೈಮರ್‌ನೊಳಗಿನ ವಾಲ್ವ್. ಅಗ್ಗದವುಗಳಲ್ಲಿ ವಿದ್ಯುತ್ಕಾಂತದಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ಇರುತ್ತದೆ. ಅದರ ರಬ್ಬರ್ ಪೊರೆ ಸರಿಯಾಗಿ ತೆರೆದು ಮುಚ್ಚಲು ನೀರಿನ ಒತ್ತಡವೇ ಆಧಾರ; ಟ್ಯಾಂಕಿನ ನೀರಿಗೆ ಅದು ಒಮ್ಮೆ ತೆರೆಯುವುದೇ ಇಲ್ಲ, ಇನ್ನೊಮ್ಮೆ ಪೂರ್ತಿ ಮುಚ್ಚುವುದಿಲ್ಲ. ಪುಟ್ಟ ಮೋಟಾರು ತಿರುಗಿಸಿ ತೆರೆಯುವ ಬಾಲ್ ವಾಲ್ವ್ ಇರುವುದನ್ನೇ ಕೇಳಿ ತಗೊಳ್ಳಿ. ಪೆಟ್ಟಿಗೆಯ ಮೇಲೆ ಕನಿಷ್ಠ ಒತ್ತಡ ‘0 ಬಾರ್’ ಎಂದಿರಬೇಕು. ಈ ಕಿಟ್ಟಿನಲ್ಲಿ ಬಂದದ್ದು ಅಂಥದ್ದೇ, ಎರಡು ಸಾವಿರದ ಆಸುಪಾಸಿನ ಬೆಲೆಯಲ್ಲಿ ನಿಜವಾದ ಬೆಲೆ ಇರುವುದೂ ಅದಕ್ಕೇ.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೈಪಿನ ಸುರುಳಿಯನ್ನು ಅರ್ಧ ಗಂಟೆ ಬಿಸಿಲಿಗೆ ಹಾಕಿದರೆ ಮಣಿಯುತ್ತದೆ, ತುದಿಯನ್ನು ಬಿಸಿ ನೀರಿನಲ್ಲಿ ಅದ್ದಿದರೆ ಕನೆಕ್ಟರ್ ಸಲೀಸಾಗಿ ಒಳಗೆ ಹೋಗುತ್ತದೆ. ಟೈಮರ್ ಮುಕ್ಕಾಲು ಇಂಚಿನದು, ನಮ್ಮ ನಲ್ಲಿಗಳು ಅರ್ಧ ಇಂಚು. ನಡುವೆ ಹಾಕುವ ತುಂಡು ಪೆಟ್ಟಿಗೆಯಲ್ಲಿ ಇರಲಿಲ್ಲ. ಟೆಫ್ಲಾನ್ ಟೇಪ್ ಕೂಡ ಇಲ್ಲ. ಎರಡೂ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತವೆ. ಒಂದು ಕಿವಿಮಾತು: 16 ಮಿಮೀ ಮುಖ್ಯ ಪೈಪಿನ ಕೊನೆಯನ್ನು ಹಾಗೇ ಮುಚ್ಚಬೇಡಿ. ತಿರುಗಿಸಿ ತಂದು ಆರಂಭದ ಹತ್ತಿರ ಟೀ (ಮೂರು ಬಾಯಿಯ ಕನೆಕ್ಟರ್) ಹಾಕಿ ಸೇರಿಸಿದರೆ ಎರಡೂ ಕಡೆಯಿಂದ ನೀರು ಬಂದು ದೂರದ ಕುಂಡಕ್ಕೂ ಹತ್ತಿರದ ಕುಂಡಕ್ಕೂ ಹೆಚ್ಚುಕಡಿಮೆ ಒಂದೇ ಪಾಲು ಸಿಗುತ್ತದೆ. ಸುತ್ತಿನ ಅತಿ ತಗ್ಗಿನ ಜಾಗದಲ್ಲಿ ಇನ್ನೊಂದು ಟೀ, ಅದಕ್ಕೊಂದು ಎಂಡ್ ಕ್ಯಾಪ್: ತೊಳೆಯಲು ಬೇಕು.

ಇಷ್ಟೆಲ್ಲ ಸರಿಹೋದ ಮೇಲೆ ಸಿಗುವ ಸುಖಕ್ಕೆ ಸಾಟಿಯಿಲ್ಲ. ಐದೂವರೆಗೆ ಮೂಲೆಯಲ್ಲಿ ‘ಗುಂಯ್’ ಎಂದು ಎರಡು ಸೆಕೆಂಡ್ ಮೋಟಾರ್ ಸದ್ದು, ಆಮೇಲೆ ಪೈಪಿನಲ್ಲಿದ್ದ ಗಾಳಿ ಡ್ರಿಪ್ಪರ್‌ಗಳಿಂದ ಉಸ್ಸೆಂದು ಹೊರಬೀಳುವುದು, ಆಮೇಲೆ ಹನಿ. ಮೊದಲೆಲ್ಲ ಪೈಪ್ ಹಿಡಿದು ನಿಲ್ಲುತ್ತಿದ್ದ ಆ ಹೊತ್ತು ಈಗ ಮಲ್ಲಿಗೆಗೆ ಮೀಸಲು. ಬಿಸಿಲೇರುವ ಮುಂಚೆ, ಬೆಳ್ಳಗೆ ಉಬ್ಬಿ ಇನ್ನೂ ಬಾಯಿ ಬಿಡದ ಮೊಗ್ಗು ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಸಂಜೆ ಕಟ್ಟುವವರೆಗೂ ಕೆಡುವುದಿಲ್ಲ. ಬೇಸಿಗೆ ರಜೆಗೆ ಬಂದ ಮಕ್ಕಳಿಗೂ ಕೆಲಸ ಸಿಕ್ಕಿದೆ, ಪ್ರತಿ ಡ್ರಿಪ್ಪರ್ ಕೆಳಗೆ ಬೆರಳಿಟ್ಟು ‘ಇದು ಬರ್ತಿದೆ, ಇದು ಬರ್ತಿಲ್ಲ’ ಎಂದು ವರದಿ ಒಪ್ಪಿಸುವುದು.

‘ಬರ್ತಿಲ್ಲ’ ಎನ್ನುವ ಮಾತು ಹೆಚ್ಚಾಗುವುದು ಮೇ ತಿಂಗಳಲ್ಲೇ. ಕಾವೇರಿ ನೀರು ಮಾತ್ರ ಬಳಸುವ ಮನೆಗಳಲ್ಲಿ ಈ ಕಾಟ ಕಡಿಮೆ. ಬೇಸಿಗೆಯಲ್ಲಿ ಬೋರ್ ನೀರು ಬೆರೆಯುವ ಬಡಾವಣೆಗಳಲ್ಲಿ, ಮಂಡ್ಯ ಕಡೆಯ ಗಡಸು ನೀರಿನಲ್ಲಿ ಡ್ರಿಪ್ಪರ್ ಬಾಯಿಗೆ ಬಿಳಿ ಸುಣ್ಣ ಕಟ್ಟುತ್ತದೆ. ಪಾಳಿ ಮುಗಿದ ಮೇಲೆ ತುದಿಯಲ್ಲಿ ನಿಂತ ಕೊನೆಯ ಹನಿ ಬಿಸಿಲಿಗೆ ಆರಿ ಸುಣ್ಣ ಬಿಟ್ಟುಹೋಗುತ್ತದೆ, ದಿನಾ ಒಂದೊಂದು ಪದರ. ಪಿನ್ನು ಹಾಕಿ ಚುಚ್ಚುವ ಆಸೆ ಬರುತ್ತದೆ, ಬೇಡ. ತೂತು ದೊಡ್ಡದಾದರೆ ಆ ಕುಂಡಕ್ಕೆ ಮಾತ್ರ ಹೊಳೆ ಹರಿಯುತ್ತದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿ ಡ್ರಿಪ್ಪರ್‌ಗಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೊಳೆಯಿರಿ. ವಾರಕ್ಕೊಮ್ಮೆ ಎಂಡ್ ಕ್ಯಾಪ್ ತೆಗೆದು ನೀರು ತಿಳಿಯಾಗುವವರೆಗೆ ಬಕೆಟ್ಟಿಗೆ ಬಿಡಿ, ಮೊದಲು ಬರುವ ಕಂದು ನೀರು ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ಫಿಲ್ಟರ್ ಜಾಲರಿಯನ್ನೂ ಅದೇ ದಿನ ತೊಳೆಯಿರಿ.

ಅಳಿಲಿನ ಕಾಟ ಬೇರೆ. ನೀರಿನ ಆಸೆಗೆ ಪೈಪಿನಿಂದ ಕುಂಡಕ್ಕೆ ಹೋಗುವ 4 ಮಿಮೀ ಕೊಳವೆ ಕಚ್ಚುತ್ತವೆ. ಪ್ಯಾರಪೆಟ್ ಮೇಲೆ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಕೊಳವೆಯನ್ನು ಒಣ ಎಲೆ ಅಥವಾ ಕಬ್ಬಿನ ತರಗಿನ ಕೆಳಗೆ ಮುಚ್ಚಿದರೆ ಕಚ್ಚುವುದು ಬಹಳ ತಗ್ಗುತ್ತದೆ. ಈ ಹೊದಿಕೆ ಹೇಗೂ ಬೇಕು. ಕುಂಡದ ಮಣ್ಣಿಗೆ ಬೆರೆಸುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಮ್ಮೆ ಪೂರ್ತಿ ಒಣಗಿದರೆ ನೀರು ಸುಲಭವಾಗಿ ಹೀರುವುದಿಲ್ಲ. ಹನಿಯೆಲ್ಲ ಕುಂಡದ ಬದಿಯಿಂದ ಜಾರಿ ಅಡಿಯ ತಟ್ಟೆಗೆ ಸೇರುತ್ತದೆ, ತಟ್ಟೆ ತುಂಬಿದ್ದು ನೋಡಿ ಗಿಡ ಕುಡಿದಿದೆ ಅಂದುಕೊಳ್ಳುತ್ತೇವೆ.

ಇಷ್ಟೆಲ್ಲ ರಿಪೇರಿಯಾಗುವಂಥವು. ಆಗದಿರುವುದು ಒಂದಿದೆ: ನೀರು ತಾನೇ ಬೀಳತೊಡಗಿದರೆ ಗಿಡದ ಹತ್ತಿರ ಹೋಗುವುದೇ ಕಡಿಮೆಯಾಗುತ್ತದೆ. ಚೊಂಬಿನಲ್ಲಿ ನೀರು ಹಾಕುವ ಅಜ್ಜಿಯ ಕಣ್ಣಿಗೆ ದಾಸವಾಳದ ಚಿಗುರಿನ ಹಿಟ್ಟು ತಿಗಣೆ ಮೊದಲ ದಿನವೇ ಬೀಳುತ್ತದೆ. ಟೈಮರ್ ಇಟ್ಟ ಮನೆಯಲ್ಲಿ ಅದು ಕೊಂಬೆಯೆಲ್ಲ ಬೆಳ್ಳಗಾದ ಮೇಲೇ ಗೊತ್ತಾಗುವುದು. ಬಿಸಿಲು ಹೆಚ್ಚಿದಷ್ಟೂ ಅದರ ಸಂತಾನ ಹೆಚ್ಚು. ಡ್ರಿಪ್ ಇದ್ದರೂ ಎರಡು ದಿನಕ್ಕೊಮ್ಮೆ ಎಲೆ ಮಗುಚಿ ನೋಡುವ ಅಭ್ಯಾಸ ಇಲ್ಲದವರು ಈ ಕಿಟ್ ತಗೊಳ್ಳದಿರುವುದೇ ಮೇಲು.

ಊರಿಗೆ ಹೋಗುವಾಗ ಟೈಮರನ್ನು ಮುಖ್ಯ ಟ್ಯಾಂಕಿಗೆ ಕಟ್ಟಿ ಹೋಗಬೇಡಿ. ವಾಲ್ವ್ ತೆರೆದಿರುವಾಗಲೇ ಸೆಲ್ ಸತ್ತರೆ ಟ್ಯಾಂಕ್ ಪೂರ್ತಿ ಖಾಲಿ. ಟ್ಯಾಂಕಿನ ಕಟ್ಟೆಯ ಮೇಲೆ ಮುಚ್ಚಳವಿರುವ 100 ಲೀಟರ್ ಡ್ರಮ್ ಇಟ್ಟು ಅದರಿಂದ ಸಂಪರ್ಕ ಕೊಟ್ಟರೆ ಕೆಟ್ಟರೂ ಹೋಗುವುದು ಅಷ್ಟೇ ನೀರು. ಇಪ್ಪತ್ತು ಕುಂಡಕ್ಕೆ ದಿನಕ್ಕೆ 20 ಲೀಟರ್ ಎಂದರೂ ಐದು ದಿನ ಬರುತ್ತದೆ. ಡ್ರಮ್ಮಿನ ನೀರು ಇಳಿದಂತೆ ಹರಿವೂ ಇಳಿಯುವುದರಿಂದ ಹೊರಡುವ ಹಿಂದಿನ ದಿನ ನಿಮಿಷಗಳನ್ನು ಸ್ವಲ್ಪ ಏರಿಸಿ. ಸೆಲ್ ಹೊಸದೇ ಹಾಕಿ.

ಮೇ ತಿಂಗಳ ಸಂಜೆಯ ಗುಡುಗು ಮಳೆ ಟೈಮರ್‌ಗೆ ಗೊತ್ತಾಗುವುದಿಲ್ಲ. ಅದರಲ್ಲಿ 24, 48 ಗಂಟೆ ತಡೆಯುವ ಗುಂಡಿ ಇದೆ, ಆದರೆ ಒತ್ತುವ ಮುಂಚೆ ಮಣ್ಣಿಗೆ ಎರಡು ಇಂಚು ಬೆರಳಿಳಿಸಿ ನೋಡಿ. ಅರ್ಧ ಗಂಟೆ ಆರ್ಭಟಿಸಿದ ಮಳೆಯಲ್ಲೂ ಸಜ್ಜಾದ ಕೆಳಗಿನ ಕುಂಡ, ದಟ್ಟ ಎಲೆಯ ಕರಿಬೇವಿನ ಬುಡ ಒಣಗೇ ಇರುತ್ತದೆ.

ಮತ್ತೆ ಕೊಳ್ಳುವುದಾದರೆ ಇಡೀ ಕಿಟ್ ಬೇಡ. ಬಾಲ್ ವಾಲ್ವ್ ಟೈಮರ್ ಒಂದನ್ನು ಬಿಡಿಯಾಗಿ ತಗೊಂಡು, ಉಳಿದದ್ದಕ್ಕೆ ಮಂಡ್ಯದಲ್ಲಿ ಕಬ್ಬಿಗೆ, ಹಿಪ್ಪುನೇರಳೆಗೆ ಡ್ರಿಪ್ ಸಾಮಾನು ಮಾರುವ ಅಂಗಡಿಗೆ ಹೋಗುವುದು ಜಾಣತನ. ಗಿಡದ ಸಾಲಿಗೆ ಎಳೆಯುವ ಲ್ಯಾಟರಲ್ ಪೈಪು ಮೀಟರ್ ಲೆಕ್ಕದಲ್ಲಿ, ಡ್ರಿಪ್ಪರ್ ಬಿಡಿ ಲೆಕ್ಕದಲ್ಲಿ ಸಿಗುತ್ತದೆ, ಪೈಪು ಇದಕ್ಕಿಂತ ದಪ್ಪ, ಬಿಸಿಲಿಗೆ ಸೀಳುವುದಿಲ್ಲ. ಹತ್ತು ಕುಂಡಕ್ಕಿಂತ ಕಡಿಮೆ ಇರುವವರಿಗೆ ಚೊಂಬೇ ಸಾಕು. ಮಳೆಗಾಲ ಹಿಡಿದ ಮೇಲೆ ಟೈಮರ್ ಬಿಚ್ಚಿ, ಸೆಲ್ ತೆಗೆದು, ಒಳಗಿನ ನೀರು ಬಸಿದು ಮನೆಯೊಳಗಿಡಿ. ಮುಂದಿನ ಯುಗಾದಿಗೆ ಮತ್ತೆ ಕಟ್ಟುವಾಗ ವಾಷರ್ ಮಾತ್ರ ಹೊಸದು ಬೇಕಾಗುತ್ತದೆ.