ಪಳೆಯುಳಿಕೆ ಪಾಠಕ್ಕೆ ಮೈದಾಹಿಟ್ಟೋ, ಕೆರೆಮಣ್ಣೋ?

ಚಿತ್ರದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಸಸ್ಯಗಳ ಹೊಂದಾಣಿಕೆ, ಪಳೆಯುಳಿಕೆ, ಎರಡೂ ಪಾಠವನ್ನು ಮಕ್ಕಳ ಕೈಯಿಂದಲೇ ಮಾಡಿಸಬೇಕು ಅಂತ ಈ ವರ್ಷ ಒಂದೊಂದಕ್ಕೂ ಎರಡೆರಡು ಬಗೆ ಮಾಡಿ ನೋಡಿದೆ.

ಒಣನೆಲದ ಗಿಡ ನೀರು ಹೇಗೆ ಉಳಿಸಿಕೊಳ್ಳುತ್ತದೆ ಎಂಬ ಹೊಂದಾಣಿಕೆಗೆ ಮೊದಲು ಒದ್ದೆಬಟ್ಟೆ, ಅದೇ ಎಲೆ ಅಂದುಕೊಂಡು. ಒಂದು ತುಂಡನ್ನು ಹರವಿ, ಇನ್ನೊಂದನ್ನು ಸುರುಳಿ ಸುತ್ತಿ, ಮೂರನೆಯದಕ್ಕೆ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗಿಟ್ಟೆವು. ಹರವಿದ್ದು ಬೇಗ ಒಣಗಿತು, ಪ್ಲಾಸ್ಟಿಕ್ ಒಳಗಿನದು ಸಂಜೆಯಾದರೂ ಹಸಿ. ಒಂದೇ ದಿನಕ್ಕೆ ಮುಗಿಯುತ್ತದೆ. ಆದರೆ ಮಕ್ಕಳಿಗೆ ಅದು ಬಟ್ಟೆಯೇ, ಗಿಡ ಅಲ್ಲ.

ಆಮೇಲೆ ಡಬ್ಬಗಳ್ಳಿಯ ಒಂದು ಡಬ್ಬ, ಒಂದು ಕುಂಬಳದ ಎಲೆ, ಎರಡನ್ನೂ ಒಂದೇ ದಾರಕ್ಕೆ ಕಟ್ಟಿ ಕಿಟಕಿಗೆ ತೂಗುಹಾಕಿದೆವು. ಮಾರನೇ ದಿನ ಕುಂಬಳದ ಎಲೆ ಮುದುಡಿತ್ತು. ವಾರ ಬಿಟ್ಟು ಕಳ್ಳಿ ಕೊಯ್ದರೆ ಒಳಗೆ ಲೋಳೆ ಹಾಗೇ ಇತ್ತು. 'ಇದರ ಎಲೆ ಎಲ್ಲಿ?' ಅಂದೆ. ಎಲ್ಲರೂ ಹಸಿರು ಡಬ್ಬ ತೋರಿಸಿದರು. ಅದು ಕಾಂಡ, ಮುಳ್ಳುಗಳೇ ಮಾರ್ಪಟ್ಟ ಎಲೆ ಅಂದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ನನ್ನ ಮತ ಕಳ್ಳಿಗೇ. ಅದರ ಸಣ್ಣ ಮುಳ್ಳು ಕೈಗೆ ಚುಚ್ಚಿಕೊಂಡರೆ ಬೇಗ ಬರುವುದಿಲ್ಲ, ಹಾಗಾಗಿ ಇಕ್ಕಳ ಹಿಡಿದು ನಾನೇ ಕೊಯ್ದೆ. ಹಾಲು ಬರುವ ಕಳ್ಳಿಯನ್ನಂತೂ ತರಗತಿಗೆ ತರಲೇಬೇಡಿ, ಆ ಹಾಲು ಕಣ್ಣಿಗೆ ಅಪಾಯ.

ಪಳೆಯುಳಿಕೆಗೆ ಮೈದಾ ಸುಲಭ. ಎರಡು ಲೋಟ ಹಿಟ್ಟು, ಒಂದು ಲೋಟ ಉಪ್ಪು, ಹದಕ್ಕೆ ನೀರು. ಬಸವನಹುಳುವಿನ ಚಿಪ್ಪು ಒತ್ತಿ ತೆಗೆದರೆ ಗುರುತು ಬಿತ್ತು. ಕೈಗೆ ಅಂಟಲ್ಲ, ಖರ್ಚೂ ಕಡಿಮೆ. ಆದರೆ ಬಿಸಿಲಿಗೆ ಅಂಚು ಬಿರುಕು ಬಿಟ್ಟಿತು. ಮಳೆ ಹಿಡಿದಾಗ ಉಪ್ಪು ತೇವ ಎಳೆದುಕೊಂಡು ಮತ್ತೆ ಮೆತ್ತಗಾಯಿತು. ಅದಕ್ಕಿಂತ ದೊಡ್ಡ ಕೊರತೆ, ಅಲ್ಲಿ ಗುರುತು ಮಾತ್ರ ಇದೆ. ಆ ಗುರುತಿನ ಜಾಗದಲ್ಲಿ ಬೇರೆ ವಸ್ತು ತುಂಬಿ ಗಟ್ಟಿಯಾಗುವುದು ಕಾಣುವುದೇ ಇಲ್ಲ.

ಕೆರೆಮಣ್ಣು, ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ) ಜೋಡಿಯಲ್ಲಿ ಅದು ಕಾಣುತ್ತದೆ. ಮಣ್ಣನ್ನು ಚೆನ್ನಾಗಿ ನಾದಿ, ಬೇವಿನ ಎಲೆಯ ಹಿಂಬದಿ ಕೆಳಗೆ ಬರುವಂತೆ ಇಟ್ಟು ಒತ್ತಬೇಕು. ನರ ಉಬ್ಬಿರುವುದು ಆ ಕಡೆಯೇ. ಎಲೆ ತೆಗೆದು, ಸುತ್ತ ರಟ್ಟಿನ ಪಟ್ಟಿ ನಿಲ್ಲಿಸಿ, ಎರಡು ಪಾಲು ಪಿಓಪಿಗೆ ಒಂದು ಪಾಲು ನೀರು ಕಲಸಿ ಸುರಿದೆ. ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಮಕ್ಕಳು ಕೈ ಅದ್ದಬಾರದು. ಉಳಿದದ್ದನ್ನು ಬಚ್ಚಲಿಗೆ ಚೆಲ್ಲಬೇಡಿ, ಕಟ್ಟಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ಬಿಡಿಸಿದೆವು. ಒಬ್ಬ ಹುಡುಗಿ ಮಣ್ಣಿನ ಮೇಲೆ ಬೆರಳಾಡಿಸಿದಳು, ಆಮೇಲೆ ಪಿಓಪಿ ಮೇಲೆ. 'ಮಿಸ್, ಇಲ್ಲಿ ಗೆರೆ ತಗ್ಗು, ಅಲ್ಲಿ ಉಬ್ಬು!' ಮಣ್ಣಲ್ಲಿ ಬಿದ್ದ ಗುರುತು ಅಚ್ಚು, ಅದರಲ್ಲಿ ತುಂಬಿ ಗಟ್ಟಿಯಾದದ್ದು ಎರಕ, ಎರಡೂ ಆ ಒಂದು ಮಾತಲ್ಲೇ ಬಂತು. ಕೈ ಮೈಯೆಲ್ಲ ಕೆಸರು, ಎರಡು ಪೀರಿಯಡ್ ಬೇಕೇ ಬೇಕು. ಆದರೂ ಇನ್ನು ಮೇಲೆ ನಾನು ಮಾಡಿಸುವುದು ಇದನ್ನೇ. ಮೈದಾ ಚಿಕ್ಕ ತರಗತಿಗಳಿಗಿರಲಿ.

'ನಮ್ಮೂರ ಬಂಡೆಯಲ್ಲಿ ಇಂಥದ್ದು ಸಿಗುತ್ತಾ?' ಅಂತ ಅವಳೇ ಕೇಳಿದಳು. ನಮ್ಮ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಂಥ ಲಾವಾ ಬಂಡೆಯ ಫೋಟೋ ತೋರಿಸಿದೆ. ನೀರಿನಡಿ ಉಕ್ಕಿದ ಲಾವಾ ತಣ್ಣಗಾಗಿ ಆದ ಆಕಾರ ಅದು, ಪಳೆಯುಳಿಕೆ ಅಲ್ಲ. ವಯಸ್ಸು ಸುಮಾರು 250 ಕೋಟಿ ವರ್ಷ. ಚಿಪ್ಪಿರುವ ಜೀವಿಗಳು ಬಂದದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಅವಳು ಬೋರ್ಡಿನ ಮೇಲೆ ಎರಡು ಸಂಖ್ಯೆಗಳನ್ನೂ ಬರೆದು ಕಳೆದಳು. 196 ಕೋಟಿ ಅಂತ ಬಂದಾಗ, ಕೈಯಲ್ಲಿದ್ದ ಚಿಪ್ಪನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು.